ಬ್ಯಾಟರಿಯ ಮುಪ್ಪು

ಟಾರ್ಚಿಗೆ ನಮ್ಮ ಕಡೆ ಬ್ಯಾಟರಿ ಎಂದೇ ಹೆಸರು. ಅದರ ಹೊಟ್ಟೆಯೊಳಗೆ ಸೇರುವ ವಸ್ತುವನ್ನು ಸೆಲ್ಲು ಎನ್ನುವರು. ನಾನು ಬಾಲಕನಾಗಿದ್ದಾಗ ಸುಲೇಪೇಟದ ನಮ್ಮ ಮನೆಯಲ್ಲಿ ಮೂರು ಸೆಲ್ಲಿನ ಬ್ಯಾಟರಿಯೊಂದಿತ್ತು. ಅದರ ಬೆಳಕು ಹಳದಿಗೆ ತಿರುಗಿ, ಆಮೇಲೆ ಕೆಂಪಿಗಿಳಿದು, ಹೊಲದ ಬದುವಿನ ಮೇಲೆ ಬಿದ್ದ ಹಗ್ಗ ಯಾವುದು ಹಾವು ಯಾವುದು ಎಂದು ತಿಳಿಯದಂತಾದಾಗ, ಅಜ್ಜ ಆ ಮೂರನ್ನೂ ಹೊರತೆಗೆದು, ಧೋತರದ ಸೆರಗಿನಿಂದ ಒರೆಸಿ, ಮಾಳಿಗೆಯ ಪರ್ಸಿಕಲ್ಲಿನ ಮೇಲೆ ಸಂಡಿಗೆ ಒಣಹಾಕಿದಂತೆ ಬಿಸಿಲಿಗೆ ಸಾಲಾಗಿ ಇಡುತ್ತಿದ್ದ. ಸಂಜೆಗೆ ಅವು ಕೈಗೆ ಬೆಚ್ಚಗೆ ಹತ್ತುತ್ತಿದ್ದವು. ಆ ಒಂದೆರಡು ರಾತ್ರಿ ಬೆಳಕು ತುಸು ಬಿಳುಪಾಗಿ ಕಾಣುತ್ತಿತ್ತು.

ಈ ಉಪಚಾರ ಬರಿಯ ಮೂಢನಂಬಿಕೆಯಾಗಿರಲಿಲ್ಲ. ಸತು ಮತ್ತು ಇಂಗಾಲದ ಆ ಒಣಕೋಶದಲ್ಲಿ ಉಳಿದಿದ್ದ ಅಲ್ಪಸ್ವಲ್ಪ ರಾಸಾಯನಿಕ ಕ್ರಿಯೆಗೆ ಉಷ್ಣವು ವೇಗವನ್ನು ಕೊಡುತ್ತಿತ್ತು. ಹೇಗೂ ಎಸೆಯಬೇಕಾದ ಸೆಲ್ಲಿನಿಂದ ಕೊನೆಯ ಗುಟುಕನ್ನು ಹಿಂಡಿಕೊಳ್ಳುವ ಜಾಣತನ ಅದು. ಆದರೆ ಅಜ್ಜನ ಈ ವಿದ್ಯೆಯನ್ನು ಮೊಮ್ಮಕ್ಕಳು ಇಂದಿನ ಮೊಬೈಲಿಗೆ ಪ್ರಯೋಗಿಸಿದರೆ ಫಲ ವಿಪರೀತವಾಗುವುದು. ಏಕೆಂದರೆ ಒಂದು ಸಲ ಬಳಸಿ ಬಿಸುಡುವ ಸೆಲ್ಲಿಗೆ ಸಂಜೀವಿನಿಯಾದ ಬಿಸಿಲು, ನೂರಾರು ಸಲ ತುಂಬಿ ಬರಿದು ಮಾಡಬೇಕಾದ ಸೆಲ್ಲಿಗೆ ನಿಧಾನವಿಷ. ಹಾಗಾದರೆ ಮುಪ್ಪಡರಿದ ಮೊಬೈಲಿನ ಬ್ಯಾಟರಿಯನ್ನು ಇನ್ನಷ್ಟು ಕಾಲ ಬಾಳಿಸುವುದು ಎಷ್ಟರಮಟ್ಟಿಗೆ ಬಳಸುವವನ ಕೈಯಲ್ಲಿದೆ, ಎಷ್ಟರಮಟ್ಟಿಗೆ ಅವನ ಕೈಮೀರಿದೆ, ಕೈಮೀರಿದ್ದಕ್ಕೆ ಹೊಣೆ ಯಾರದು ಎಂಬ ಪ್ರಶ್ನೆಯನ್ನು, ಬಿಸಿಲಿಗೇ ಹೆಸರಾದ ಈ ಸೀಮೆಯಲ್ಲಿ ಕುಳಿತು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಲಿಥಿಯಂ ಅಯಾನು ಬ್ಯಾಟರಿಯನ್ನು ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದದ್ದು 1991ರಲ್ಲಿ; ಅದಕ್ಕೆ ತಳಹದಿ ಹಾಕಿದ ವಿಟಿಂಗ್‌ಹ್ಯಾಮ್, ಗುಡ್‌ಎನಫ್, ಯೋಶಿನೊ ಎಂಬ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ದೊರೆತದ್ದು 2019ರಲ್ಲಿ. ಆಗ ಗುಡ್‌ಎನಫ್ ಅವರಿಗೆ 97 ವರ್ಷ. ಮೂರು ವರ್ಷಕ್ಕೆ ಮುದಿಯಾಯಿತೆಂದು ನಾವು ಗೊಣಗುವ ವಸ್ತುವಿನ ಜನಕರಲ್ಲೊಬ್ಬರು ತೊಂಬತ್ತು ದಾಟಿದ ಮೇಲೂ ಪ್ರಯೋಗಶಾಲೆಯನ್ನು ಬಿಡದೆ, ನೂರು ವರ್ಷ ಬಾಳಿ 2023ರಲ್ಲಿ ತೀರಿಕೊಂಡರೆಂಬುದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ.

ಈ ಬ್ಯಾಟರಿಯ ಒಳಗೆ ಲಿಥಿಯಂ ಅಯಾನುಗಳು ಒಂದು ಕಡೆಯ ಗ್ರಾಫೈಟಿನ ಪದರಗಳಿಂದ ಇನ್ನೊಂದು ಕಡೆಯ ಲೋಹದ ಆಕ್ಸೈಡಿಗೂ, ಚಾರ್ಜಿಗೆ ಹಾಕಿದಾಗ ಅಲ್ಲಿಂದ ಹಿಂದಕ್ಕೂ ಸಂಚರಿಸುತ್ತವೆ. ಕಾರ್ಖಾನೆಯಲ್ಲಿ ಮೊದಲ ಸಲ ಚಾರ್ಜು ಮಾಡಿದಾಗಲೇ ಗ್ರಾಫೈಟಿನ ಮೇಲೆ ತೆಳುವಾದ ಪೊರೆಯೊಂದು ಕಟ್ಟುತ್ತದೆ. ಆ ಪೊರೆ ಇಲ್ಲದೆ ಬ್ಯಾಟರಿ ಬದುಕದು. ಆದರೆ ಅದೇ ಪೊರೆ ದಿನದಿನಕ್ಕೆ ದಪ್ಪವಾಗುತ್ತ ಹೋಗಿ, ಸಂಚರಿಸಬೇಕಾದ ಲಿಥಿಯಮ್ಮನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದರಿಂದಲೇ ಅದಕ್ಕೆ ಮುಪ್ಪು. ಸುಣ್ಣಕಲ್ಲಿನ ಮೇಲೆ ಊರು ಕಟ್ಟಿಕೊಂಡಿರುವ ನಮಗೆ ಇದನ್ನು ತಿಳಿಯಲು ಪ್ರಯಾಸವಿಲ್ಲ: ನಮ್ಮ ಗಡಸು ನೀರು ಕಾಯಿಸುವ ಹಂಡೆಯ ತಳದಲ್ಲಿ ಬೆಳ್ಳನೆಯ ಹೊಪ್ಪಳಿಕೆ ಕಟ್ಟುತ್ತ ಬಂದ ಹಾಗೆ ಹಿಡಿಸುವ ನೀರು ಕಡಿಮೆಯಾಗುತ್ತದೆ, ಕಾಯಲು ಹೊತ್ತೂ ಹೆಚ್ಚು ಹಿಡಿಯುತ್ತದೆ. ಹಳೆಯ ಬ್ಯಾಟರಿಯಲ್ಲಿ ಕೂಡ ಹಿಡಿಸುವ ವಿದ್ಯುತ್ತು ಕುಗ್ಗುವುದಲ್ಲದೆ ಒಳಗಿನ ಪ್ರತಿರೋಧವೂ ಹೆಚ್ಚುತ್ತದೆ. ಶೇಕಡಾ ಇಪ್ಪತ್ತು ಇದೆಯೆಂದು ತೋರಿಸುತ್ತಿದ್ದ ಫೋನು, ಕ್ಯಾಮೆರಾ ತೆರೆದೊಡನೆ ಕಣ್ಣು ಮುಚ್ಚಿಬಿಡುವುದು ಇದರಿಂದಲೇ. ಹಂಡೆಯ ಸುಣ್ಣವನ್ನಾದರೂ ಹುಣಸೆಹಣ್ಣು ಹಾಕಿ ತಿಕ್ಕಬಹುದು, ಟ್ರ್ಯಾಕ್ಟರಿನ ಬ್ಯಾಟರಿಗಾದರೂ ಡಿಸ್ಟಿಲ್ ನೀರು ಹಾಕಿ ಚೇತರಿಕೆ ಕೊಡಬಹುದು. ಇದಕ್ಕೆ ಅಂಥ ಚಿಕಿತ್ಸೆಯಿಲ್ಲ. ಕಳೆದುಹೋದದ್ದು ಮರಳದು, ಉಳಿದಿರುವುದರ ಸವೆತವನ್ನು ನಿಧಾನಗೊಳಿಸಬಹುದು, ಅಷ್ಟೆ.

ಆ ಸವೆತಕ್ಕೆ ಕಾರಣಗಳಲ್ಲಿ ಮುಖ್ಯವಾದುವು ಎರಡು: ಒಂದು ಉಷ್ಣ, ಇನ್ನೊಂದು ಸದಾ ತುಂಬಿರುವ ಸ್ಥಿತಿ. ಇವೆರಡೂ ಸೇರಿದಾಗ ಆಗುವ ಹಾನಿಗೆ ಒಂದು ಪ್ರಸಿದ್ಧವಾದ ಲೆಕ್ಕವಿದೆ. ಶೇಕಡಾ 40ರಷ್ಟು ಮಾತ್ರ ತುಂಬಿದ ಬ್ಯಾಟರಿಯನ್ನು 25 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ ಸುಮ್ಮನೆ ಇಟ್ಟರೆ ಅದರ ಸಾಮರ್ಥ್ಯ ಸುಮಾರು ಶೇಕಡಾ 96 ಉಳಿಯುವುದು. ಪೂರ್ತಿ ತುಂಬಿದ್ದನ್ನು 40 ಡಿಗ್ರಿಯಲ್ಲಿ ಇಟ್ಟರೆ ಉಳಿಯುವುದು ಸುಮಾರು 65. ಯಾರೂ ಮುಟ್ಟದೆ, ಒಂದು ಕರೆಯನ್ನೂ ಮಾಡದೆ, ಕೇವಲ ಕಾಲ ಕಳೆದದ್ದರಿಂದ ಆಗುವ ನಷ್ಟವಿದು. ಆ 40 ಡಿಗ್ರಿ ಎಂಬುದು ಪ್ರಯೋಗಶಾಲೆಯಲ್ಲಿ ಒಲೆ ಹಚ್ಚಿ ಸಾಧಿಸಬೇಕಾದ ಉಷ್ಣತೆಯಾಗಿರಬಹುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳಲ್ಲಿ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಅದು ಪುಕ್ಕಟೆಯಾಗಿ ದೊರೆಯುತ್ತದೆ. ಫೋನನ್ನು 35 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಬಳಸಿರಿ ಎಂದು ಆ್ಯಪಲ್ ಸಂಸ್ಥೆ ಹೇಳುತ್ತದೆ. ಅದನ್ನು ಓದಿದ ಸುಲೇಪೇಟದ ರೈತ, ವರ್ಷದಲ್ಲಿ ಮೂರು ತಿಂಗಳು ಫೋನನ್ನು ಬಳಸಬೇಡವೆಂದು ತನಗೆ ಹೇಳಿದ್ದಾರೆಂದು ತಿಳಿದರೆ ಅವನ ತಪ್ಪೇನು?

ಆದಕಾರಣ ನಮ್ಮ ಸೀಮೆಯಲ್ಲಿ ಬ್ಯಾಟರಿಯ ಆರೈಕೆ ಎಂದರೆ ಮೊಟ್ಟಮೊದಲು ನೆರಳಿನ ಪ್ರಶ್ನೆ. ಮೋಟಾರ್ ಸೈಕಲ್ಲಿನ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಚಿಂಚೋಳಿಯವರೆಗೆ ಬಿಸಿಲಲ್ಲಿ ಒಯ್ಯುವುದು, ತಗಡಿನ ಮಾಡಿನ ಕೆಳಗೆ ಚಾರ್ಜಿಗೆ ಹಾಕುವುದು, ರಾತ್ರಿ ತಲೆದಿಂಬಿನಡಿಯಲ್ಲಿ ಇಟ್ಟುಕೊಂಡು ಚಾರ್ಜು ಮಾಡುವುದು, ದಪ್ಪನೆಯ ರಬ್ಬರಿನ ಕವಚ ತೊಡಿಸಿ ಬೇಗ ಚಾರ್ಜಾಗುವ ಚಾರ್ಜರಿಗೆ ಕಟ್ಟಿಹಾಕುವುದು, ಇವೆಲ್ಲ ಬಳಕೆಯಿಂದಾಗುವ ಸವೆತಕ್ಕಿಂತ ಹೆಚ್ಚು ಹಾನಿಯನ್ನು ಮಾಡಬಲ್ಲವು. ಮಣ್ಣುಗೋಡೆಯ ಹಳೆಯ ಮನೆಯುಳ್ಳವರು ಪುಣ್ಯವಂತರು. ನನ್ನ ಫೋನಿನ ಮಧ್ಯಾಹ್ನದ ವಸತಿ ನಡುಮನೆಯ ಗೋಡೆಯ ಗೂಡು. ಒಂದು ಕಾಲಕ್ಕೆ ಹಣತೆ ಇಡುತ್ತಿದ್ದ ಜಾಗ. ಹೊರಗೆ ಕಲ್ಲು ಸಿಡಿಯುವ ಬಿಸಿಲಿದ್ದಾಗಲೂ ಅಲ್ಲಿ ಕೈಯಿಟ್ಟರೆ ತಂಪು. ಕಾದ ಫೋನನ್ನು ಫ್ರಿಜ್ಜಿನೊಳಗೆ ಇಡುವವರನ್ನೂ ನಾನು ಬಲ್ಲೆ. ಅದು ಬಿಸಿಲಿಗಿಂತ ಕೆಟ್ಟದ್ದು, ಒಳಗೆ ಹನಿಗಟ್ಟಿ ಬೋರ್ಡನ್ನೇ ತಿನ್ನುವುದು.

ಎರಡನೆಯ ಮಾತು, ತುಂಬುವ ಮಾತು. ಶೇಕಡಾ 20ಕ್ಕೆ ಇಳಿಯಗೊಡಬೇಡಿರಿ, 80ಕ್ಕೆ ನಿಲ್ಲಿಸಿರಿ ಎಂಬ ಸಲಹೆ ಈಗ ಎಲ್ಲರ ಬಾಯಲ್ಲೂ ಇದೆ, ಶಾಸ್ತ್ರಸಮ್ಮತವೂ ಹೌದು. ಪೂರ್ತಿ ತುಂಬಿದಾಗ ಬ್ಯಾಟರಿಯ ವೋಲ್ಟೇಜು ಗರಿಷ್ಠಮಟ್ಟದಲ್ಲಿದ್ದು ಒಳಗಿನ ದ್ರವವನ್ನು ಕೆಡಿಸುತ್ತಿರುತ್ತದೆ. ಆದರೆ ಈ ಸಲಹೆ ನಮ್ಮ ಜನದ ತಲೆಮಾರುಗಳ ಅನುಭವಕ್ಕೆ ನೇರ ವಿರುದ್ಧವಾಗಿದೆ ಎಂಬುದನ್ನು ಸಲಹೆ ಕೊಡುವವರು ಗಮನಿಸಿದಂತಿಲ್ಲ. ನಳ ಬಂದಾಗ ಇದ್ದಬದ್ದ ಕೊಡವನ್ನೆಲ್ಲ ತುಂಬಿಡು, ಕರೆಂಟು ಇದ್ದಾಗ ಹೊಲಕ್ಕೆ ನೀರು ಬಿಡು, ಸುಗ್ಗಿಯಲ್ಲಿ ಹಗೇವನ್ನು ಬಾಯಿಮಟ ತುಂಬಿ ಮುಚ್ಚು: ಅಭಾವವು ಕಲಿಸಿದ ನೀತಿಯಿದು. ಹಗೇವಿನಲ್ಲಿ ಜೋಳ ತುಂಬಿದಷ್ಟೂ ಗಾಳಿ ಕಡಿಮೆಯಾಗಿ ಕಾಳು ಕೆಡದೆ ಉಳಿಯುವುದು. ಬ್ಯಾಟರಿಯು ಹಗೇವಲ್ಲ, ಅದು ತುಂಬಿದಷ್ಟೂ ಒಳಗೊಳಗೆ ಕೆಡುವ ಉಗ್ರಾಣ. ಇದನ್ನು ತಿಳಿದವನೂ, ಮಳೆಗಾಲದ ಗಾಳಿಗೆ ಕಂಬ ಬಿದ್ದು ಎರಡು ದಿನ ಲೈಟು ಬಾರದಿರಬಹುದಾದ ಹಳ್ಳಿಯಲ್ಲಿ, 80ಕ್ಕೆ ಪಿನ್ನು ಕಿತ್ತಿಟ್ಟು ನಿಶ್ಚಿಂತನಾಗಿ ಮಲಗಲಾರ. ಅವನು ನೂರಕ್ಕೆ ತುಂಬಿಕೊಳ್ಳಲಿ. ಬ್ಯಾಟರಿಯನ್ನು ಉಳಿಸಲೆಂದು ಫೋನಿನ ಉಪಯೋಗವನ್ನೇ ಕಳೆದುಕೊಳ್ಳುವುದು ಎತ್ತು ಬಡವಾದೀತೆಂದು ಹೊಲ ಬೀಳು ಬಿಟ್ಟ ಹಾಗೆ. ಕರೆಂಟು ನೆಚ್ಚಿಗೆಯಾಗಿರುವ ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಎರಡು ಸಲ ಹಾಕಿದರೆ ಸಾಕು. ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ ತುಂಬಬೇಕೆಂಬ ಹಳೆಯ ಉಪದೇಶವನ್ನಂತೂ ಮರೆತುಬಿಡಬೇಕು. ಅದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗೆ ಹೇಳಿದ ಮದ್ದು.

ಇದರ ಜೊತೆಗೆ ಚಿಂಚೋಳಿಯ ಕಾಡುಗುಡ್ಡದ ಅಂಚಿನವರಿಗೆ ಮಾತ್ರ ಸಲ್ಲುವ ಒಂದು ಮಾತುಂಟು. ನೆಟ್‌ವರ್ಕು ಕ್ಷೀಣವಾದಲ್ಲಿ ಫೋನು ತನ್ನ ದನಿಯನ್ನು ಏರಿಸಿ ದೂರದ ಟವರನ್ನು ಕೂಗಿ ಕರೆಯುತ್ತಲೇ ಇರುತ್ತದೆ. ಗಡಿಯಾಚೆಯ ತೆಲಂಗಾಣದ ಟವರು ಒಮ್ಮೆ, ಈಚೆಯದೊಮ್ಮೆ. ಜೇಬಿನಲ್ಲಿ ಸುಮ್ಮನಿದ್ದ ಫೋನು ಸಂಜೆಗೆ ಬಿಸಿಯಾಗಿ ಬರಿದಾಗಿರುವುದು ಈ ಕೂಗಾಟದಿಂದ. ಹೇಗೂ ಕರೆ ಬಾರದ ಹೊಲದಲ್ಲಿ ಫ್ಲೈಟ್ ಮೋಡಿಗೆ ಹಾಕಿಡುವುದು, ಪರದೆಯ ಬೆಳಕನ್ನು ಎಷ್ಟು ತಗ್ಗಿಸಿದರೂ ಆಗದಷ್ಟು ಉಳಿತಾಯವನ್ನು ಮಾಡಿಕೊಡುವುದು.

ಇಷ್ಟು ಕ್ಷುಲ್ಲಕ ವಸ್ತುವಿಗೆ ಇಷ್ಟು ಚಿಂತನೆಯೇ, ಕೆಟ್ಟರೆ ಹೊಸದನ್ನು ಕೊಂಡರಾಯಿತು ಎಂದು ಆಕ್ಷೇಪಿಸುವವರುಂಟು. ಫೋನು ವಿಲಾಸದ ವಸ್ತುವಾಗಿದ್ದ ಕಾಲಕ್ಕೆ ಈ ಆಕ್ಷೇಪ ಒಪ್ಪತಕ್ಕದ್ದೇ. ಆದರೆ ಉದ್ಯೋಗ ಖಾತ್ರಿಯ ಕೂಲಿಕಾರರ ಹಾಜರಿಯನ್ನು ಮೊಬೈಲಿನಲ್ಲಿಯೇ, ಸ್ಥಳದ ಗುರುತುಳ್ಳ ಫೋಟೋ ದಿನಕ್ಕೆ ಎರಡು ಸಲ ತೆಗೆದು ದಾಖಲಿಸತಕ್ಕದ್ದೆಂಬ ನಿಯಮವು 2023ರ ಜನವರಿ 1ರಿಂದ ದೇಶದಾದ್ಯಂತ ಕಡ್ಡಾಯವಾಯಿತು. ಹಾಜರಿ ಹಿಡಿಯುವ ಕಾಯಕ ಬಂಧು ಎಂಬ ಹೆಣ್ಣುಮಗಳು, ಕೆರೆಯ ಹೂಳೆತ್ತುವ ಬಯಲಿನಲ್ಲಿ, ನೆರಳೆಂಬುದಿಲ್ಲದೆಡೆ, ಸೆರಗಿನ ಮರೆಯಲ್ಲಿ ಪರದೆಯನ್ನು ನೋಡಲು ಹೆಣಗುತ್ತ ಬೆಳಕನ್ನು ಪೂರ್ತಿ ಏರಿಸಿ, ಕ್ಯಾಮೆರಾ, ಸ್ಥಳಸೂಚಕ, ಇಂಟರ್ನೆಟ್ಟು ಮೂರನ್ನೂ ಒಟ್ಟಿಗೆ ತೆರೆದಾಗ ಅವಳ ಹಳೆಯ ಬ್ಯಾಟರಿಯ ಮೇಲೆ ಬೀಳುವ ಭಾರವನ್ನು ಊಹಿಸಿರಿ. ಆ ಕ್ಷಣದಲ್ಲಿ ಫೋನು ಸತ್ತರೆ ಹೋಗುವುದು ಅವಳ ಮನರಂಜನೆಯಲ್ಲ, ಹಲವರ ಆ ದಿನದ ಕೂಲಿ. ಅವಳಿಗೆ ಹೋಗಿ, ತಾಯಿ, 35 ಡಿಗ್ರಿ ಮೀರದಂತೆ ನೋಡಿಕೊ, ಎಂದು ಹೇಳುವ ಧೈರ್ಯ ನನಗಿಲ್ಲ.

ಇಲ್ಲಿಗೆ ಬಳಸುವವನ ಎಚ್ಚರದ ಸೀಮೆ ಮುಗಿಯುತ್ತದೆ. ಎಷ್ಟೇ ಜೋಪಾನ ಮಾಡಿದರೂ ಬ್ಯಾಟರಿ ಮುಪ್ಪಾಗುವುದು ಪ್ರಕೃತಿನಿಯಮ. ಆದರೆ ಬ್ಯಾಟರಿಯ ಮುಪ್ಪು ಫೋನಿನ ಸಾವಾಗಬೇಕೆಂಬುದು ಪ್ರಕೃತಿನಿಯಮವಲ್ಲ, ತಯಾರಿಸಿದವರು ಮಾಡಿಕೊಂಡ ಏರ್ಪಾಡು. 2003ರಲ್ಲಿ ಬಂದ, ನೆತ್ತಿಯ ಮೇಲೆ ದೀಪವಿದ್ದ ನೋಕಿಯಾ 1100 ನಮ್ಮ ಸೀಮೆಯ ಮನೆಮನೆಯಲ್ಲಿಯೂ ಇತ್ತು. ಅದರ ಬೆನ್ನನ್ನು ಉಗುರಿನಿಂದ ತೆರೆದು ಬಿಎಲ್-5ಸಿ ಎಂಬ ಬ್ಯಾಟರಿಯನ್ನು ಮಕ್ಕಳೂ ಬದಲಾಯಿಸುತ್ತಿದ್ದರು. ಈಗಿನ ಫೋನು ಗೋಂದಿನಿಂದ ಬಿಗಿದ ಪೆಟ್ಟಿಗೆ. ತೆಳ್ಳಗಾಗಬೇಕು, ನೀರು ಹೋಗಬಾರದು ಎಂಬ ಕಾರಣಗಳನ್ನು ನಾನು ಪೂರ್ತಿಯಾಗಿ ತಳ್ಳಿಹಾಕುವುದಿಲ್ಲ. ಆದರೂ ಆ ಬಿಗಿತ ಯಾರಿಗೆ ಲಾಭವೆಂದು ಕೇಳದೆ ಬಿಡುವಂತಿಲ್ಲ. ಹಳೆಯ ಬ್ಯಾಟರಿಯುಳ್ಳ ಐಫೋನುಗಳ ವೇಗವನ್ನು ತಾನೇ ತಗ್ಗಿಸುತ್ತಿರುವುದಾಗಿ ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡು, ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತಷ್ಟೆ. ಫೋನು ಅಕಸ್ಮಾತ್ತಾಗಿ ನಿಂತುಹೋಗದಿರಲೆಂದು ಹಾಗೆ ಮಾಡಿದ್ದೆಂಬ ಅದರ ಸಮಾಧಾನ ಸುಳ್ಳಲ್ಲದಿರಬಹುದು. ಆದರೆ ಮುದಿಯಾದದ್ದು ಬ್ಯಾಟರಿಯೊಂದೇ ಎಂದು ಮೊದಲೇ ತಿಳಿದಿದ್ದರೆ ಎಷ್ಟು ಜನ ಹೊಸ ಫೋನಿನ ಅಂಗಡಿಯ ಮೆಟ್ಟಿಲನ್ನು ಹತ್ತದೆ ಉಳಿಯುತ್ತಿದ್ದರು! ಐರೋಪ್ಯ ಒಕ್ಕೂಟವು 2025ರ ಜೂನ್ 20ರಿಂದ, 800 ಸಲ ಚಾರ್ಜಾದ ಮೇಲೂ ಶೇಕಡಾ 80ರಷ್ಟು ಸಾಮರ್ಥ್ಯ ಉಳಿದಿರತಕ್ಕದ್ದೆಂದು ವಿಧಿಸಿದೆ. 2027ರ ಫೆಬ್ರುವರಿ 18ರಿಂದ, ಕೆಲವು ವಿನಾಯಿತಿಗಳೊಡನೆ, ಬಳಸುವವನೇ ಬ್ಯಾಟರಿಯನ್ನು ಬದಲಿಸುವಂತಿರಬೇಕೆಂಬ ನಿಯಮವೂ ಅನ್ವಯಿಸಲಿದೆ. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ 2022ರಲ್ಲಿ ಸಮಿತಿಯನ್ನು ರಚಿಸಿತು. ಆ ಹಕ್ಕಿನ ಜೊತೆಗೆ, 40 ಡಿಗ್ರಿಯ ದೇಶದಲ್ಲಿ ಮಾರುವ ಬ್ಯಾಟರಿಯನ್ನು 40 ಡಿಗ್ರಿಯಲ್ಲಿ ಪರೀಕ್ಷಿಸಿ, ಎಷ್ಟು ಬಾಳುವುದೆಂದು ಪೆಟ್ಟಿಗೆಯ ಮೇಲೆ ಮುದ್ರಿಸಬೇಕೆಂದು ಕೇಳುವುದೂ ನ್ಯಾಯವೆಂದು ನನ್ನ ಮತ.

ಕಳೆದ ಬೇಸಗೆಯಲ್ಲಿ ಗೂಡಿನ ತಂಪಿನಲ್ಲಿಟ್ಟಿದ್ದ ನನ್ನ ಫೋನಿನ ಬೆನ್ನು ಕೂಡ ಉಬ್ಬಿ, ಪರದೆ ಒಂದು ಮೂಲೆಯಲ್ಲಿ ಎದ್ದು ನಿಂತಿತು. ನಾಲ್ಕು ವರ್ಷ ಬಾಳಿತ್ತು. ಉಬ್ಬಿದ್ದನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜಿಗೆ ಹಾಕಬಾರದು ಎಂಬಷ್ಟು ತಿಳಿವಳಿಕೆ ಇದ್ದುದರಿಂದ ಸೀದಾ ರಿಪೇರಿಯ ಹುಡುಗನ ಬಳಿಗೆ ಒಯ್ದೆ. ಅವನು ಬಿಸಿಗಾಳಿಯಿಂದ ಗೋಂದನ್ನು ಮೆದುಮಾಡಿ, ಪ್ಲಾಸ್ಟಿಕ್ಕಿನ ಚೂರಿನಿಂದ ಮೆಲ್ಲಗೆ ಎಬ್ಬಿಸಿ, ಹೋಳಿಗೆಯಂತೆ ಉಬ್ಬಿದ್ದ ಬ್ಯಾಟರಿಯನ್ನು ಅಂಗೈಮೇಲೆ ತೆಗೆದಿಟ್ಟುಕೊಂಡ.

"ಹೊಸಾದು ಹಾಕ್ತೀನ್ರಿ ಸರ. ಒರಿಜಿನಲ್ ಅಂತ ಮಾತ್ರ ಹೇಳಂಗಿಲ್ಲ ನೋಡ್ರಿ," ಎಂದ. ಅವನ ಪ್ರಾಮಾಣಿಕತೆಗೆ ನಾನು ಚೌಕಾಸಿ ಮಾಡದೆ ಒಪ್ಪಿಕೊಂಡೆ.

ಹಳೆಯದನ್ನು ಏನು ಮಾಡುವೆಯಪ್ಪ ಎಂದು ಕೇಳಿದಾಗ ಅವನು ಬಾಗಿಲ ಹೊರಗಿನ ಮೂಲೆಯನ್ನು ತೋರಿಸಿದ. ಎಣ್ಣೆಯ ಹಳೆಯ ತಗಡಿನ ಡಬ್ಬಿ; ಅದರಲ್ಲಿ ಅರ್ಧದಷ್ಟು ಮರಳು, ಮರಳಿನೊಳಗೆ ಒಂದಕ್ಕೊಂದು ತಾಗದಂತೆ ಹೂತ ಮೂವತ್ತು ನಲವತ್ತು ಬ್ಯಾಟರಿಗಳು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇವನ್ನು ಮರಳಿ ಸಂಗ್ರಹಿಸುವ ಹೊಣೆ ಉತ್ಪಾದಕರದು ಎಂದು ಅವನಿಗೆ ವಿವರಿಸಿದೆ.

"ಇಲ್ಲೀತನಕ ಯಾರೂ ಬಂದಿಲ್ರಿ," ಎಂದು, ನನ್ನ ಬ್ಯಾಟರಿಗೂ ಮರಳಿನಲ್ಲಿ ಬೆರಳಿನಿಂದ ಒಂದು ಸಂದು ಮಾಡಿ ಇಳಿಸಿದ. "ಡಬ್ಬಿ ತುಂಬಲಿ, ಆಮ್ಯಾಲ ನೋಡೋಣ್ರಿ." ಅಷ್ಟು ಹೇಳಿ, ಬಿಸಿಲು ಸರಿದು ಅಲ್ಲಿಗೆ ಬರುತ್ತಿದ್ದುದನ್ನು ಕಂಡು, ಡಬ್ಬಿಯನ್ನು ಕಾಲಿನಿಂದ ನೆರಳಿಗೆ ದೂಡಿದ.