ಖಾಲಿ ಉಳಿದ ಕ್ಷೌರದ ಕುರ್ಚಿ

ಸಮಯ ಗೊತ್ತುಮಾಡಿ ಬಾರದೆ ಹೋದ ಗಿರಾಕಿಯನ್ನು ಕ್ಷೌರಿಕನು ಮರುಸಲ ಹೇಗೆ ನಡೆಸಿಕೊಳ್ಳಬೇಕು? ಪ್ರಶ್ನೆಯು ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಕಳೆದ ತಿಂಗಳವರೆಗೆ ನನಗೂ ಹಾಗೆಯೇ ತೋರುತ್ತಿತ್ತು. ಮುಂಬಯಿಯ ಉಪನಗರವೊಂದರ ಸಲೂನಿನಲ್ಲಿ ಒಂದೂವರೆ ತಾಸು ಬೆಂಚಿನ ಮೇಲೆ ಕುಳಿತು, ನನ್ನ ಬಳಿಕ ಬಂದ ಮೂವರು ತಲೆ ಹಗುರಮಾಡಿಕೊಂಡು ಹೊರಟುಹೋದುದನ್ನು ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು.

ತಪ್ಪು ನನ್ನದೇ. ಹಿಂದಿನ ಭಾನುವಾರ ಹನ್ನೊಂದು ಗಂಟೆಗೆ ಬರುವೆನೆಂದು ಫೋನಿನಲ್ಲಿ ಹೇಳಿದ್ದೆ, ಹೋಗಲಿಲ್ಲ. ನೆಂಟರ ಮನೆಯಿಂದ ಮರಳುವಾಗ ರೈಲ್ವೆಯ ಮೆಗಾ ಬ್ಲಾಕಿನಲ್ಲಿ ಸಿಲುಕಿದ್ದು ನಿಜ. ಆದರೆ ಭಾನುವಾರದ ಮೆಗಾ ಬ್ಲಾಕು ಮುಂಬಯಿಯಲ್ಲಿ ಯಾರಿಗೆ ತಾನೆ ಹೊಸದು? ಅಲ್ಲದೆ, ಕೈಯಲ್ಲಿ ಫೋನಿತ್ತು. ಇದೇ ತಡ ಕಚೇರಿಗೆ ಆಗಿದ್ದರೆ ಹತ್ತು ಸಲ ಫೋನು ಮಾಡುತ್ತಿದ್ದೆ. ಕ್ಷೌರದಂಗಡಿಗೇನು ತಿಳಿಸುವುದು ಎಂಬ ಉದಾಸೀನವೇ ನನ್ನನ್ನು ತಡೆಯಿತೆಂದು ಒಪ್ಪಿಕೊಳ್ಳುತ್ತೇನೆ.

ಈ ಉದಾಸೀನವನ್ನು ನಾವು ಊರಿನಿಂದಲೇ ಗಂಟುಕಟ್ಟಿ ತಂದಿದ್ದೇವೆ. ನಮ್ಮ ಹಳ್ಳಿಗಳಲ್ಲಿ ಕ್ಷೌರಿಕನು ಆಯಗಾರರಲ್ಲೊಬ್ಬನು, ಮಹಾರಾಷ್ಟ್ರದಲ್ಲಿ ಬಲುತೇದಾರರಲ್ಲೊಬ್ಬನು. ವರ್ಷವೆಲ್ಲ ದುಡಿದವನಿಗೆ ಸುಗ್ಗಿಯಲ್ಲಿ ಧಾನ್ಯ ಅಳೆದು ಕೊಡುತ್ತಿದ್ದರು. ಯಜಮಾನರು ಹೊರಗೆ ಬರುವವರೆಗೆ ಅವನು ಜಗಲಿಯ ಕೆಳಗೆ ಕಾಯಬೇಕಾಗಿತ್ತು. ಅವನ ಹೊತ್ತಿಗೆ ಬೆಲೆಯುಂಟೆಂದು ಯಾರೂ ಎಣಿಸಿದವರಲ್ಲ. ಆ ಜಗಲಿ ಹೋಯಿತು, ಆ ಆಯವೂ ಹೋಯಿತು; ಕಾಯಿಸುವ ಚಾಳಿ ಮಾತ್ರ ನಮ್ಮಲ್ಲಿ ಉಳಿಯಿತು.

ಸಣ್ಣ ಸಲೂನುಗಳಲ್ಲಿ ಸಮಯ ಗೊತ್ತುಮಾಡುವ ಪದ್ಧತಿ ಹಿಂದೆ ಅಷ್ಟಾಗಿ ಇರಲಿಲ್ಲ. ಹೋಗಿ ಬೆಂಚಿನ ಮೇಲೆ ಕುಳಿತು ಸರದಿ ಕಾಯುವುದೇ ರೂಢಿ. ಕೊರೋನಾ ಕಾಲದಲ್ಲಿ ಮೂರು ತಿಂಗಳು ಮುಚ್ಚಿದ್ದ ಸಲೂನುಗಳಿಗೆ 2020ರ ಜೂನ್ 28ರಿಂದ ಮಹಾರಾಷ್ಟ್ರ ಸರಕಾರವು ಅನುಮತಿ ಕೊಟ್ಟಾಗ, ಮುಂಗಡವಾಗಿ ಸಮಯ ಗೊತ್ತುಮಾಡಿಕೊಂಡವರನ್ನೇ ಒಳಗೆ ಬಿಡಬೇಕೆಂದು ವಿಧಿಸಿತು. ರೋಗದ ಭಯ ಕಳೆದರೂ ಫೋನಿನಲ್ಲಿ ಹೊತ್ತು ಕಾದಿರಿಸುವ ಅಭ್ಯಾಸವು ಕೆಲವು ಅಂಗಡಿಗಳಲ್ಲಿ ನಿಂತಿತು. ನಾನು ಹೋಗುವ ಅಂಗಡಿಯೂ ಅವುಗಳಲ್ಲೊಂದು.

ಕುರ್ಚಿಯ ಹಿಂದೆ ನಿಂತವನ ಲೆಕ್ಕ ನೋಡಿರಿ. ಎಷ್ಟೋ ಅಂಗಡಿಗಳಲ್ಲಿ ಅವನಿಗೆ ತಿಂಗಳ ಸಂಬಳವಿಲ್ಲ. ತಾನು ಮಾಡಿದ ಕೆಲಸದಲ್ಲಿ ಒಂದು ಪಾಲು, ಅಷ್ಟೆ. ವಾರದ ದೊಡ್ಡ ಸಂಪಾದನೆಯೆಲ್ಲ ಭಾನುವಾರ. ನನ್ನ ಹೆಸರಿಗೆ ಕಾದಿರಿಸಿದ ಅರ್ಧ ತಾಸಿನಲ್ಲಿ ಅವನು ಬಾಗಿಲಿಗೆ ಬಂದ ಮತ್ತೊಬ್ಬನನ್ನು ಹಿಂದಕ್ಕೆ ಕಳುಹಿದ್ದನಂತೆ. ಹೋಟೆಲಿನ ಬಂಧುಗಳಿಗೆ ಇದನ್ನು ವಿವರಿಸಬೇಕಿಲ್ಲ. ಪಾರ್ಸೆಲಿಗೆ ಹೇಳಿ ಬಾರದೆ ಹೋದ ಗಿರಾಕಿಯ ಮಸಾಲೆದೋಸೆ ಗಲ್ಲೆಯ ಪಕ್ಕದಲ್ಲಿ ಮೆತ್ತಗಾಗುವುದನ್ನು ಅವರು ಕಂಡಿದ್ದಾರೆ. ದೋಸೆಯನ್ನಾದರೂ ಯಾರಾದರೂ ತಿಂದಾರು. ಹೋದ ಅರ್ಧ ತಾಸನ್ನು ಯಾರಿಗೆ ಬಡಿಸುವುದು?

ಆದುದರಿಂದ ನನಗೆ ದೊರೆತ ಒಂದೂವರೆ ತಾಸಿನ ಶಿಕ್ಷೆಯ ಬಗೆಗೆ ನನ್ನ ತಕರಾರಿಲ್ಲ. ತಕರಾರಿರುವುದು ಬೇರೊಂದರ ಬಗೆಗೆ. ಅದೇ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ನಮ್ಮ ಕಡೆಯ ಹುಡುಗನೊಬ್ಬ ಕುಳಿತಿದ್ದ, ಹೋಟೆಲಿನ ಮಾಣಿ. ಅವನೂ ನನ್ನಂತೆಯೇ ತಪ್ಪಿಸಿದವನು. ಕ್ಷೌರಿಕನು ನನ್ನೊಡನೆ ಮಾತುಬಿಟ್ಟನು, ಅಷ್ಟೆ. ಆ ಹುಡುಗನನ್ನಾದರೋ "ಬಂದರು ನೋಡಿ ದೊಡ್ಡ ಸಾಹೇಬರು" ಎಂದು ಹಿಂದಿಯಲ್ಲಿ ಎಲ್ಲರೆದುರಿಗೂ ಹಂಗಿಸಿದನು. ಕುಳಿತವರು ನಕ್ಕರು. ಹುಡುಗ ಎದ್ದು ಹೊರಟುಹೋದ. ಅದೇ ಹೊತ್ತಿಗೆ ಮುಖಕ್ಕೆ ಲೇಪ ಹಚ್ಚಿಸಿಕೊಂಡು ಹೆಚ್ಚು ಹಣ ತೆರುವ ಮಹಾಶಯರೊಬ್ಬರು ಅರ್ಧ ತಾಸು ತಡವಾಗಿ ಬಂದರೆ ಅವರಿಗೆ ಚಹಾ ತರಿಸಲಾಯಿತು!

ದಂಡನೆಯು ತಪ್ಪನ್ನು ನೋಡದೆ ಜೇಬನ್ನು ನೋಡಿದರೆ ಅದಕ್ಕೆ ನ್ಯಾಯವೆನ್ನಲಾಗದು. ಹೋಟೆಲಿನ ಹುಡುಗನ ಹೊತ್ತು ಅವನ ಕೈಯಲ್ಲಿಲ್ಲ. ಮೂರು ಗಂಟೆಗೆ ಬಿಡುವೆಂದು ನಂಬಿರುತ್ತಾನೆ. ಎರಡೂಮುಕ್ಕಾಲಿಗೆ ಹತ್ತು ಜನರ ತಂಡವೊಂದು ಊಟಕ್ಕೆ ಬಂದು ಕೂರುತ್ತದೆ. ಕೆಲಸದ ವೇಳೆಯಲ್ಲಿ ಮೊಬೈಲು ಮುಟ್ಟಕೂಡದೆಂಬ ಕಟ್ಟಪ್ಪಣೆಯೂ ಕೆಲವೆಡೆ ಉಂಟು. ಸೋಮವಾರ ಹೋಗೋಣವೆಂದರೆ, ಮಾಟುಂಗದ ಕೆಲವು ಉಡುಪಿ ಹೋಟೆಲುಗಳಿಗೆ ರಜೆಯಾದ ಆ ದಿನವೇ ಮಹಾರಾಷ್ಟ್ರದಲ್ಲಿ ಅನೇಕ ಸಲೂನುಗಳಿಗೂ ರಜೆ. ಊರು ಬಿಟ್ಟು ಬಂದು ಪರರ ಅಂಗಡಿಯಲ್ಲಿ ದುಡಿಯುವ ಕ್ಷೌರಿಕನಿಗೆ ಇದು ತಿಳಿಯದ ಸಂಗತಿಯಲ್ಲ.

ನನ್ನ ಸರದಿ ಮುಗಿದ ಮೇಲೆ ಈ ಸಲದ ಹಣದೊಡನೆ ಹಿಂದಿನ ಭಾನುವಾರದ ಅರ್ಧ ದರವನ್ನೂ ಮೇಜಿನ ಮೇಲಿಟ್ಟೆ. ಅವನು ಹೆಚ್ಚಿನದನ್ನು ಹಿಂದಕ್ಕೆ ತಳ್ಳಿ, "ಫೋನು ಮಾಡಿದರೆ ಸಾಕು" ಎಂದನು. ಆ ಹುಡುಗನಿಗೂ ಇಷ್ಟೇ ಹೇಳಬಹುದಿತ್ತಲ್ಲ ಎಂದೆ. ಉತ್ತರ ಬರಲಿಲ್ಲ; ಕುರ್ಚಿಯ ಬಟ್ಟೆ ಕೊಡಹುತ್ತ ನಿಂತನು.

ನಮ್ಮ ಹೋಟೆಲು ಮಾಲಕರಲ್ಲಿಯೂ ಒಂದು ಬಿನ್ನಹವುಂಟು. ತಂಡ ಬಂದು ಕುಳಿತಾಗ ಹುಡುಗನನ್ನು ನಿಲ್ಲಿಸಿಕೊಳ್ಳಿರಿ, ವ್ಯಾಪಾರ ನಡೆಯಲೇಬೇಕು. ಆದರೆ ಸಲೂನಿಗೆ ಬರಲಾಗದೆಂದು ತಿಳಿಸಲು ಗಲ್ಲೆಯ ಫೋನನ್ನು ಎರಡು ನಿಮಿಷ ಅವನ ಕೈಗೆ ಕೊಡಿರಿ.