ಯಾರ ಮುಂದೆ ಯಾವ ಭಾಷೆ?

ಎಂ.ಎ. ಕಿರುಪ್ರಬಂಧವೊಂದರ ಮೌಖಿಕ ಪರೀಕ್ಷೆಗೆ ಹೋಗಿದ್ದೆ. ವಿಷಯ: ಒಂದು ಲಂಬಾಣಿ ತಾಂಡಾದ ಬಹುಭಾಷಿಕತೆ. ವಿದ್ಯಾರ್ಥಿನಿ ಅದೇ ತಾಂಡಾದವಳು. ಮನೆಯಲ್ಲಿ ಯಾವ ಭಾಷೆ, ಸಂತೆಯಲ್ಲಿ ಯಾವ ಭಾಷೆ, ಟಿ.ವಿ. ನೋಡುವುದು ಯಾವ ಭಾಷೆಯಲ್ಲಿ ಎಂದು ಮನೆಮನೆಗೂ ಪ್ರಶ್ನಾವಳಿ ಹಂಚಿ ಶೇಕಡಾವಾರು ಕೋಷ್ಟಕ ಹಾಕಿದ್ದಳು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಸುಮ್ಮನೆ ಕೇಳಿದೆ: ‘ನಿಮ್ಮ ತಾಯಿ ನಿಮ್ಮ ಜೊತೆ ಯಾವ ಭಾಷೆ ಆಡ್ತಾರಮ್ಮ?’

‘ಗೋರ್‌ಬೋಲಿ ರೀ ಸರ್, ನಮ್ಮ ಲಂಬಾಣಿ ಮಾತು. ಆದ್ರ ಅವ್ವ ಗೋವಾದಾಗ ಕಟ್ಟಡ ಕೆಲಸಕ್ಕ ಇದ್ದಾಳ್ರಿ. ಫೋನಿನ್ಯಾಗ ಮಾತಾಡೂಮುಂದ ಬಾಜೂಕ ಮುಕಾದಮ ಬಂದ್ರ ಒಮ್ಮಿಗೇ ಹಿಂದಿಗೆ ಹೊಳ್ಳತಾಳ. ತನಗ ತಿಳೀದ ಮಾತು ಆಡಿದ್ರ ತನ್ನೇ ಬೈಯಾಕತ್ತಾರ ಅಂತ ಆತಗ ಸಂಶೆ ರೀ.’

‘ಇದನ್ನ ಯಾಕೆ ಬರೀಲಿಲ್ಲ?’

‘ಅದು ಯಾವ ಕಾಲಮ್ಮಿನ್ಯಾಗ ಬರ್ತೈತ್ರಿ ಸರ್?’

ಉತ್ತರ ಕೊಡಬೇಕಾದವರು ಪಠ್ಯಕ್ರಮ ರೂಪಿಸುವ ನಾವು. ಕನ್ನಡ ಎಂ.ಎ.ಯ ಭಾಷಾವಿಜ್ಞಾನದ ಪತ್ರಿಕೆ ಎಂದರೆ ಬಹುಮಟ್ಟಿಗೆ ಪಕಾರ ಹಕಾರವಾದ ಕಥೆ ಮತ್ತು ದ್ರಾವಿಡ ಭಾಷೆಗಳ ವರ್ಗೀಕರಣ. ಸಮಾಜ ಮತ್ತು ಭಾಷೆ ಬರುವುದು ಕೊನೆಯ ಘಟಕದಲ್ಲಿ, ಪರೀಕ್ಷೆ ಹತ್ತಿರ ಬಂದಾಗ ಎರಡು ತರಗತಿಯಲ್ಲಿ ಓಡಿಸಿ ಮುಗಿಸಲು. ದ್ವಿಭಾಷಿಕತೆಯ ವ್ಯಾಖ್ಯೆ ಬರೆದರೆ ಐದು ಅಂಕ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ ಆಡುವ ಹುಡುಗ ಆ ಐದು ಅಂಕಕ್ಕಾಗಿ ಯಾರದೋ ವ್ಯಾಖ್ಯೆಯನ್ನು ಉರು ಹೊಡೆಯುತ್ತಾನೆ.

ತಮಾಷೆ ಎಂದರೆ, ಈ ಶಾಸ್ತ್ರ ಬೆಳೆದದ್ದೇ ಅರ್ಧ ನಮ್ಮ ಹಿತ್ತಿಲಲ್ಲಿ. ವಿಲಿಯಂ ಬ್ರೈಟ್ ಮತ್ತು ನಮ್ಮವರೇ ಆದ ಎ.ಕೆ. ರಾಮಾನುಜನ್ 1960ರ ದಶಕದಲ್ಲೇ ಜಾತಿ ಬದಲಾದಂತೆ ಮಾತು ಹೇಗೆ ಬದಲಾಗುತ್ತದೆ ಎಂದು ನೋಡಿದ್ದರು. ಇನ್ನೂ ದೊಡ್ಡ ಹೆಸರು ಕುಪ್ವಾಡದ್ದು. ನಮ್ಮ ಗಡಿಯಾಚೆ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಊರು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಅದರ ಬಗ್ಗೆ ಬರೆದ ಲೇಖನವನ್ನು ಜಗತ್ತಿನಾದ್ಯಂತ ಭಾಷಾವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಜೈನರು, ಲಿಂಗಾಯತರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು, ಹಗ್ಗ ಹೊಸೆಯುವವರದು ತೆಲುಗು, ದಲಿತರದು ಮರಾಠಿ. ನೂರಾರು ವರ್ಷ ಒಟ್ಟಿಗೆ ಬಾಳಿ ಈ ಭಾಷೆಗಳ ವ್ಯಾಕರಣ ಒಂದಕ್ಕೊಂದು ಎಷ್ಟು ಹತ್ತಿರ ಬಂದಿತ್ತೆಂದರೆ, ಪದದ ಜಾಗದಲ್ಲಿ ಪದ ಇಟ್ಟರೆ ಸಾಕು, ಕನ್ನಡ ವಾಕ್ಯ ಮರಾಠಿಯೋ ಉರ್ದುವೋ ಆಗುತ್ತಿತ್ತು. ನಾವು ‘ಇದು ನಿಮ್ಮ ಮನೆ’ ಎಂದು ಕ್ರಿಯಾಪದವಿಲ್ಲದೆ ಮುಗಿಸುವಲ್ಲಿ ಆ ಊರಿನ ಕನ್ನಡ ‘ಐತಿ’ ಸೇರಿಸಿಕೊಂಡಿತ್ತು, ಅಕ್ಕಪಕ್ಕದ ಭಾಷೆಗಳ ಹಾಗೆ. ಅತ್ತ ಉರ್ದು, ಮರಾಠಿಗಳೂ ನಿರ್ಜೀವ ವಸ್ತುಗಳ ಲಿಂಗದ ವಿಷಯದಲ್ಲಿ ಕನ್ನಡದ ದಾರಿಗೆ ಬಂದಿದ್ದವು.

ಇಷ್ಟಕ್ಕೆ ನಿಲ್ಲಿಸಿದರೆ ಅದು ಬರೀ ವ್ಯಾಕರಣದ ಸೋಜಿಗ. ವ್ಯಾಕರಣ ಇಷ್ಟು ಕಲೆತರೂ ಪದಗಳೇಕೆ ಕಲೆಯಲಿಲ್ಲ? ನಾಲ್ಕು ಭಾಷೆ ಕರಗಿ ಒಂದೇಕೆ ಆಗಲಿಲ್ಲ? ಮನೆಮಾತು ಅಲ್ಲಿ ಕುಲದ ಗುರುತಾಗಿತ್ತು. ಬಿಟ್ಟುಕೊಟ್ಟರೆ ನೆಂಟಸ್ತಿಕೆಯ ಗೆರೆಯೇ ಅಳಿಸಿಹೋಗುತ್ತಿತ್ತು. ಬೇರೆಬೇರೆ ಗುಂಪಿನವರು ಎದುರಾದಾಗ ಮರಾಠಿ ಆಡುತ್ತಿದ್ದರು. ಅದು ಜಮೀನುದಾರರಾದ ಜೈನರ ಮನೆಮಾತೂ ಅಲ್ಲ, ಮುಸ್ಲಿಮರದೂ ಅಲ್ಲ. ಹಾಗಾಗಿ ಯಾರೂ ಯಾರಿಗೂ ತಲೆಬಾಗಿದಂತಾಗುತ್ತಿರಲಿಲ್ಲ. ನಾಲ್ಕು ದಶಕದ ಬಳಿಕ ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ಮತ್ತೆ ಅದೇ ಊರಿಗೆ ಹೋಗಿ ಅಧ್ಯಯನ ಮಾಡಿದರು. ರಾಜ್ಯಭಾಷೆಯಾಗಿ, ಶಾಲೆಯ ಭಾಷೆಯಾಗಿ ಮರಾಠಿಯ ತೂಕ ಬೆಳೆದ ಮೇಲೆ ಅದನ್ನು ಹಿಂದಿನಂತೆ ನಡುದಾರಿ ಎನ್ನುವುದು ಕಷ್ಟ. ನಮ್ಮ ಕಡೆಯಿಂದ ಯಾರಾದರೂ ಒಂದು ಸೆಮಿಸ್ಟರ್ ಅಲ್ಲಿ ಹೋಗಿ ಕೂತಿದ್ದರೆ ಎಂದು ನನಗೆ ಹೊಟ್ಟೆಕಿಚ್ಚು.

ಸರ್ಕಾರಿ ಅಂಕಿಅಂಶ ಈ ಕೆಲಸ ಮಾಡಿಕೊಡುವುದಿಲ್ಲ. 2011ರ ಜನಗಣತಿಯಲ್ಲಿ ಜನ ಹೇಳಿಕೊಂಡ ಮಾತೃಭಾಷೆಯ ಹೆಸರುಗಳು 19,569. ಸೋಸಿ ಸೋಸಿ ಕೊನೆಗೆ ಉಳಿದ ಭಾಷೆಗಳು 121. ಮಾತೃಭಾಷೆಯ ಜೊತೆಗೆ ಬರೆದುಕೊಳ್ಳುವುದು ಇನ್ನೆರಡೇ ಭಾಷೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಐದು ಭಾಷೆಯಲ್ಲಿ ಚೌಕಾಸಿ ಮಾಡುವ ಹೂವಿನಾಕೆಯ ಎರಡು ಭಾಷೆ ಅಲ್ಲೇ ಬಿದ್ದುಹೋಗುತ್ತವೆ. ಆಕೆ ಯಾಕೆ ಐದು ಕಲಿತಳು, ಎದುರಿಗೆ ನಿಂತ ಗಿರಾಕಿ ಯಾಕೆ ಒಂದನ್ನೂ ಹೊಸದಾಗಿ ಕಲಿಯಲಿಲ್ಲ ಎಂಬ ಪ್ರಶ್ನೆಗಂತೂ ಅಲ್ಲಿ ಜಾಗವೇ ಇಲ್ಲ. ಎಂ.ಎ. ತರಗತಿ ಕೈಹಾಕಬೇಕಾದದ್ದು ಇಂಥ ಪ್ರಶ್ನೆಗೆ. ಬಹುಭಾಷಿಕತೆ ನಮ್ಮ ಹೆಮ್ಮೆ ಎಂದು ರಾಜ್ಯೋತ್ಸವದ ವೇದಿಕೆಯಲ್ಲಿ ಹೇಳುವುದು ಸುಲಭ. ಅದರ ದುಡಿಮೆ ಯಾರ ಹೆಗಲ ಮೇಲಿದೆ ಎಂದು ನೋಡಲು ರೇಷನ್ ಅಂಗಡಿಯ ಸಾಲಲ್ಲಿ, ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ದಿನಗಟ್ಟಲೆ ಕಿವಿಗೊಟ್ಟು ಕೂರಬೇಕು. ಇದಕ್ಕೆ ಪ್ರಯೋಗಾಲಯ ಬೇಡ. ಒಂದು ಮೊಬೈಲು, ಮಾತಾಡುವವರ ಒಪ್ಪಿಗೆ, ತಾಳ್ಮೆ ಇದ್ದರಾಯಿತು. ನೆರವು ಬೇಕೆಂದರೆ ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನವೇ ಇದೆ.

ಕಷ್ಟ ಬೇರೆ ಕಡೆ ಇದೆ. ವೈವಾ ಮುಗಿದ ಮೇಲೆ ಆ ಹುಡುಗಿ ಕಾರಿಡಾರಿನಲ್ಲಿ ಸಿಕ್ಕಳು. ಮೊದಲು ಅವ್ವನ ಫೋನಿನ ಮಾತುಗಳನ್ನು ಕೇಳಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳಂತೆ, ಗೋರ್‌ಬೋಲಿಯಲ್ಲೇ, ಕನ್ನಡ ಅಕ್ಷರದಲ್ಲಿ. ಗೈಡ್ ನೋಡಿದರು. ಕೆಟ್ಟವರೇನಲ್ಲ, ಆದರೆ ಅವರಿಗೆ ಆ ಭಾಷೆ ಬಾರದು. ತನಗೆ ತಿಳಿಯದ ಮಾತನ್ನು ತಿದ್ದುವುದು ಹೇಗೆ, ಎಲ್ಲವನ್ನೂ ಕನ್ನಡಕ್ಕೆ ಮಾಡಿಕೊಂಡು ಬಾ ಎಂದರಂತೆ. ಮಾಡಿದಳು. ಅವ್ವ ಎಲ್ಲಿ ಹಿಂದಿಗೆ ಹೊಳ್ಳಿದಳು, ಎಲ್ಲಿ ಗೋರ್‌ಬೋಲಿಗೆ ಮರಳಿದಳು ಎಂಬುದೇ ಕಾಣದಾಯಿತು. ಉಳಿದದ್ದು ಪ್ರಶ್ನಾವಳಿ. ನೋಟ್‌ಬುಕ್ ಎಲ್ಲಿದೆಯಮ್ಮ ಎಂದೆ. ತಾಂಡಾದ ಮನೆಯ ಟ್ರಂಕಿನಲ್ಲಿದೆಯಂತೆ.