ಹಳೇ ಜೀಪಿಗೆ ಹಳೇ ಫಿಲ್ಟರ್ರೇ ಬೇಕಾ? ಗಾಜಿನ ಬಟ್ಟಲು ಇರಲಿ, ಒಳಗಿನ ಸಾಮಾನು ಹೊಸದಾಗಲಿ

ಮೂಲೆಗೆ ಬಿದ್ದ ಹಳೇ ಜೀಪು, ಹಳೇ ಪಿಕಪ್ ರಿಪೇರಿ ಮಾಡಿಸಿ ಮತ್ತೆ ಓಡಿಸೋ ಹುಚ್ಚು ನಮ್ಮ ಹುಡುಗರಲ್ಲಿ ಈಗ ಜೋರಾಗಿದೆ. ಅಜ್ಜನ ಕಾಲದಲ್ಲಿ ತೋಟಕ್ಕೆ ಬಂದು, ಕಾಫಿ ಮೂಟೆ, ಅಡಿಕೆ, ಗೊಬ್ಬರ ಎಲ್ಲಾ ಹೊತ್ತು, ಕೊನೆಗೆ ಕೊಟ್ಟಿಗೆ ಪಕ್ಕ ತಗಡಿನ ಶೀಟಿನ ಕೆಳಗೆ ನಿಂತುಬಿಟ್ಟ ಗಾಡಿಗಳು ಮಲೆನಾಡು, ಕೊಡಗಿನ ಕಡೆ ಇನ್ನೂ ಇವೆ. ಅವನ್ನ ಎಬ್ಬಿಸೋದು ಒಳ್ಳೇ ಕೆಲಸವೇ. ಆದ್ರೆ ಈ ಕೆಲಸದಲ್ಲಿ ಫ್ಯೂಯೆಲ್ ಫಿಲ್ಟರ್ ಅನ್ನೋ ಸಣ್ಣ ಸಾಮಾನಿನ ವಿಷಯದಲ್ಲಿ ಜನ ಎರಡು ತುದಿಗೆ ನಿಂತಿದ್ದಾರೆ.

ಒಂದು ಗುಂಪಿಗೆ ಎಲ್ಲವೂ "ಒರಿಜಿನಲ್" ಆಗಿರಬೇಕು. ಯಾವುದೋ ಅಂಗಡಿಯಲ್ಲಿ ದಶಕಗಳಿಂದ ಧೂಳು ತಿನ್ನುತ್ತಾ ಕೂತ ಫಿಲ್ಟರ್, ಕಾರ್ಕ್ ವಾಷರ್‌ಗಳನ್ನ ಹುಡುಕಿ, ಹೊಸದಕ್ಕಿಂತ ಹೆಚ್ಚು ದುಡ್ಡು ಕೊಟ್ಟು ತರ್ತಾರೆ. ಇನ್ನೊಂದು ಗುಂಪಿನವರು ಅವಸರದ ಮೆಕ್ಯಾನಿಕ್‌ಗಳು. "ಆ ಗಾಜಿನ ಬಟ್ಟಲು ಕಿತ್ತಾಕಿ ಅಣ್ಣ, ಬೈಕಿನ ಪ್ಲಾಸ್ಟಿಕ್ ಫಿಲ್ಟರ್ ಸಿಗಿಸಿದ್ರೆ ಸಾಕು" ಅಂತಾರೆ. ನನ್ನ ಪ್ರಕಾರ ಇಬ್ಬರ ಮಾತೂ ಸರಿಯಲ್ಲ. ಹಳೇ ಬಟ್ಟಲು, ಅದರ ಲೋಹದ ತಲೆ ಹಾಗೇ ಇರಬೇಕು. ಅದರೊಳಗಿನ ಕಾರ್ಕ್, ರಬ್ಬರ್, ಪೇಪರ್ ಎಲ್ಲಾ ಇವತ್ತಿನದ್ದಾಗಬೇಕು.

ಗಾಜಿನ ಬಟ್ಟಲು ಬರೀ ಶೋಕಿಗಲ್ಲ

ವಿಲ್ಲಿಸ್ ಕಂಪನಿ 1953ರಲ್ಲಿ ತಂದ ಸಿಜೆ-3ಬಿ ಜೀಪನ್ನೇ ತಗೊಳ್ಳಿ. ನಮ್ಮಲ್ಲಿ ಮಹೀಂದ್ರಾ ಹೆಸರಿನಲ್ಲಿ ದಶಕಗಳ ಕಾಲ ಓಡಿದ, ಬಾನೆಟ್ ಎತ್ತರ ಇರೋ ಜೀಪು ಅದೇ. ಅದರ 134 ಘನ ಇಂಚಿನ, ಅಂದ್ರೆ ಸುಮಾರು 2.2 ಲೀಟರಿನ ಪೆಟ್ರೋಲ್ ಇಂಜಿನ್ನಿಗೆ ಮೆಕ್ಯಾನಿಕಲ್ ಪಂಪು ಇಂಧನ ಎಳೆದು ಕೊಡುತ್ತೆ. ಆ ಕಾಲದ ಗಾಡಿಗಳಲ್ಲಿ ಪಂಪಿಗೇ ಸೇರಿಕೊಂಡೋ, ದಾರಿಯಲ್ಲಿ ಬೇರೆಯಾಗಿಯೋ ಒಂದು ಗಾಜಿನ ಬಟ್ಟಲು ಇರ್ತಿತ್ತು.

ಅದರ ಉಪಾಯ ಸರಳ. ನೀರು, ಮಣ್ಣು, ತುಕ್ಕು ಎಲ್ಲಾ ಪೆಟ್ರೋಲಿಗಿಂತ ಭಾರ. ಪೈಪಿನಲ್ಲಿ ಓಡಿ ಬಂದ ಪೆಟ್ರೋಲು ಅಗಲವಾದ ಬಟ್ಟಲಿಗೆ ಬಿದ್ದಾಗ ನಿಧಾನ ಆಗುತ್ತೆ. ಭಾರದ್ದು ತಳ ಸೇರುತ್ತೆ, ಪೆಟ್ರೋಲು ಸಣ್ಣ ಹಿತ್ತಾಳೆ ಜಾಲರಿ ದಾಟಿ ಮುಂದೆ ಹೋಗುತ್ತೆ. ತಂತಿಯ ಕೊಂಡಿ ಸಡಿಲಿಸಿ ಬಟ್ಟಲು ಬಿಚ್ಚಿ, ತೊಳೆದು ಮತ್ತೆ ಹಾಕಬಹುದು.

ಇದಕ್ಕಿಂತ ದೊಡ್ಡ ಲಾಭ ಅಂದ್ರೆ ಅದು ಕಣ್ಣಿಗೆ ಕಾಣುತ್ತೆ. ತಳದಲ್ಲಿ ಕೆಂಪು ಪುಡಿ ಕೂತಿದ್ರೆ ಟ್ಯಾಂಕ್ ತುಕ್ಕು ಹಿಡಿದಿದೆ. ಉಂಡೆ ಉಂಡೆಯಾಗಿ ನೀರು ನಿಂತಿದ್ರೆ ಟ್ಯಾಂಕಿಗೆ ಮಳೆನೀರು ಇಳಿದಿದೆ, ಇಲ್ಲವೇ ತುಂಬಿಸಿದ ಇಂಧನದಲ್ಲೇ ನೀರಿದೆ. ಗುಳ್ಳೆ ಬರ್ತಿದ್ರೆ ಎಲ್ಲೋ ಗಾಳಿ ಎಳೀತಿದೆ, ಇಲ್ಲಾ ಪೆಟ್ರೋಲು ಕಾದು ಆವಿಯಾಗ್ತಿದೆ. ಇದಕ್ಕೆಲ್ಲ ಸ್ಕ್ಯಾನರ್ ಬೇಡ. ಇಂಥದ್ದನ್ನ ಕಿತ್ತು ಬಿಸಾಡೋದು ದಡ್ಡತನ.

ಆದ್ರೆ ಪೆಟ್ರೋಲು ಬದಲಾಗಿದೆ

ಹಾಗಂತ ಒಳಗಿನದ್ದೂ ಹಳೇದೇ ಬೇಕು ಅನ್ನೋದು ಇನ್ನೊಂದು ದಡ್ಡತನ. ಈ ಗಾಡಿ ಹುಟ್ಟಿದ ಕಾಲದ ಪೆಟ್ರೋಲು ಈಗ ಬಂಕಿನಲ್ಲಿ ಸಿಗಲ್ಲ. 2023ರಲ್ಲಿ ಶುರುವಾದ ಇ20, ಅಂದ್ರೆ ನೂರಕ್ಕೆ 20 ಭಾಗ ಎಥೆನಾಲ್ ಬೆರೆತ ಪೆಟ್ರೋಲು, 2025ರ ಹೊತ್ತಿಗೆ ದೇಶದ ಎಲ್ಲಾ ಕಡೆ ಬಂದಾಗಿದೆ. ನಾನು ಎಥೆನಾಲ್ ವಿರೋಧಿ ಅಲ್ಲ. ಅದು ನಮ್ಮದೇ ಕಬ್ಬು, ಮೆಕ್ಕೆಜೋಳದಿಂದ ಬರೋದು. ಆದ್ರೆ ಹಳೇ ಗಾಡಿಯ ಸಾಮಾನಿಗೆ ಅದು ಒಗ್ಗಲ್ಲ.

ಆ ಕಾಲದ ಕಾರ್ಬುರೇಟರಿನ ಕಾರ್ಕ್ ಫ್ಲೋಟಿಗೆ, ಎಷ್ಟೋ ಕಡೆ ಕಾರ್ಕ್ ವಾಷರಿಗೂ, ಅರಗಿನ ಲೇಪ ಇರ್ತಿತ್ತು. ಪೆಟ್ರೋಲಿಗೆ ಅರಗು ಜಗ್ಗಲ್ಲ. ಆಲ್ಕೋಹಾಲಿಗೆ? ಫ್ರೆಂಚ್ ಪಾಲಿಶ್ ಮಾಡೋ ಬಡಗಿಯನ್ನ ಕೇಳಿ, ಅರಗಿನ ಚಕ್ಕೆ ಕರಗಿಸೋದೇ ಸ್ಪಿರಿಟ್‌ನಲ್ಲಿ ಅಂತಾನೆ. ಎಥೆನಾಲ್ ಕೂಡ ಅದೇ ಜಾತಿ. ಕರಗಿದ ಅರಗು ಜೆಟ್‌ಗೆ ಹೋಗಿ ಕೂರುತ್ತೆ, ಕಾರ್ಕ್ ಬಿಟ್ಟುಕೊಂಡು ಸೋರುತ್ತೆ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಉಬ್ಬಿ, ಮೆತ್ತಗಾಗಿ, ಕೊನೆಗೆ ಬಿರಿಯುತ್ತೆ. ಬಿಸಿ ಇಂಜಿನ್ ಪಕ್ಕ ಪೆಟ್ರೋಲು ಸೋರಿದ್ರೆ ಏನಾಗುತ್ತೆ ಅಂತ ನಾನು ಹೇಳಬೇಕಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಎಥೆನಾಲ್ ನೀರನ್ನ ತನ್ನೊಳಗೆ ಹೀರಿಕೊಳ್ಳುತ್ತೆ. ಸ್ವಲ್ಪ ನೀರಿದ್ರೆ ಬಟ್ಟಲಿನಲ್ಲಿ ಬೇರೆಯಾಗಿ ಕಾಣೋದೇ ಇಲ್ಲ. ಮಿತಿ ಮೀರಿದಾಗ ನೀರು, ಎಥೆನಾಲ್ ಎರಡೂ ಸೇರಿ ಒಂದೇ ಸಲ ತಳಕ್ಕೆ ಇಳಿಯುತ್ತೆ. ಮಳೆಗಾಲ ಪೂರ್ತಿ ನಿಲ್ಲಿಸಿಟ್ಟ ಗಾಡಿಯಲ್ಲಿ ಇದರ ಭಯ ಜಾಸ್ತಿ. ಬಟ್ಟಲು ತಿಳಿಯಾಗಿದೆ ಅಂತ ಪೂರ್ತಿ ನಂಬಿಬಿಡಬೇಡಿ.

ಪ್ಲಾಸ್ಟಿಕ್ ಫಿಲ್ಟರಿನ ಕಥೆ

ಬೈಕಿನ ಪುಟ್ಟ ಫಿಲ್ಟರ್ ಇಷ್ಟು ದೊಡ್ಡ ಇಂಜಿನ್ನಿಗೆ ಸಾಲಲ್ಲ. ಐಡ್ಲಿಂಗ್‌ನಲ್ಲಿ ಗಾಡಿ ಚೆನ್ನಾಗೇ ಇರುತ್ತೆ. ಲೋಡು ಹಾಕಿ ಘಾಟಿ ಏರುವಾಗ ಪೆಟ್ರೋಲು ಸಾಲದೆ ಉಸಿರು ಕಟ್ಟುತ್ತೆ. ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚುತ್ತಾನೆ, ಪಾಯಿಂಟ್ ಬದಲಾಯಿಸ್ತಾನೆ, ಫಿಲ್ಟರ್ ಮಾತ್ರ ಯಾರೂ ನೋಡಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹತ್ತಿರ ನೇತಾಡೋ ಪ್ಲಾಸ್ಟಿಕ್ಕಂತೂ ಬೆಂಕಿಗೆ ಆಹ್ವಾನ.

ಎರಡನೇ ಫಿಲ್ಟರ್ ಬೇಕೇ ಬೇಕು, ಅದು ನಿಜ. ಹಳೇ ಜಾಲರಿ ದಪ್ಪ ಕಸ ಹಿಡಿಯುತ್ತೆ, ನುಣ್ಣನೆ ತುಕ್ಕಿನ ಪುಡಿ ಬಿಡುತ್ತೆ. ಅದಕ್ಕೆ ಕಾರ್ಬುರೇಟರ್ ಗಾಡಿಗೆ ಅಂತಲೇ ಮಾಡಿದ, ಲೋಹದ ಮೈ ಇರೋ ಫಿಲ್ಟರನ್ನ ಟ್ಯಾಂಕ್ ಮತ್ತು ಪಂಪಿನ ನಡುವೆ, ಚಾಸಿಸ್‌ಗೆ ಕ್ಲಾಂಪ್ ಮಾಡಿ, ಸೈಲೆನ್ಸರ್ ಪೈಪಿಂದ ದೂರ ಹಾಕಿ. ಬಾನೆಟ್ ತೆಗೆದ್ರೆ ಕಾಣೋದು ಹಳೇ ಗಾಜಿನ ಬಟ್ಟಲೇ. ಅಂದ ಎಲ್ಲೂ ಹೋಗಲ್ಲ.

ಡೀಸೆಲ್ ಗಾಡಿಯವರಿಗೆ

ಡೀಸೆಲ್ ಜೀಪು, ಹಳೇ ಟ್ರ್ಯಾಕ್ಟರ್ ಇದ್ದವರಿಗೆ ನನ್ನ ಮಾತು ಇನ್ನೂ ಗಟ್ಟಿ. 1951ರಲ್ಲಿ ಶುರುವಾದ ಮೈಕೋ (2008ರಿಂದ ಅದರ ಹೆಸರು ಬಾಷ್ ಲಿಮಿಟೆಡ್) ಮಾಡ್ತಿದ್ದ ಜೋಡಿ ಫಿಲ್ಟರ್ ಎಷ್ಟೋ ಗಾಡಿಗಳಲ್ಲಿ ಈಗಲೂ ಇದೆ. ಮೊದಲನೆಯದು ದಪ್ಪ ಕಸಕ್ಕೆ, ಎರಡನೆಯದು ನುಣ್ಣನೆಯ ಕಸಕ್ಕೆ. ಆ ತಲೆ, ಆ ಡಬ್ಬ ಉಳಿಸಿ. ಎಲಿಮೆಂಟ್ ಮಾತ್ರ ಹೊಸದು ಹಾಕಿ. ಪಂಪಿನ ಪ್ಲಂಜರಿಗೂ ಬ್ಯಾರಲ್ಲಿಗೂ ನಡುವಿನ ಸಂದು ಕೆಲವೇ ಮೈಕ್ರಾನ್. ನಿಮ್ಮ ತಲೆಕೂದಲು ಅದರ ಎಷ್ಟೋ ಪಟ್ಟು ದಪ್ಪ. ಪೇಪರ್ ಎಲಿಮೆಂಟನ್ನ ಡೀಸೆಲ್‌ನಲ್ಲಿ ತೊಳೆದು, ಗಾಳಿ ಹೊಡೆದು ಮತ್ತೆ ಹಾಕೋ ಅಭ್ಯಾಸ ಬಿಡಿ. ಕಣ್ಣಿಗೆ ಕಾಣದ ತೂತು ಬಿದ್ರೆ ಹೋಗೋದು ಪಂಪು. ಫಿಲ್ಟರ್ ಉಳಿತಾಯ ನೂರುಗಳಲ್ಲಿ, ಪಂಪಿನ ಖರ್ಚು ಸಾವಿರಗಳಲ್ಲಿ.

"ವಿಂಟೇಜ್ ನಂಬರ್ ಸಿಗಲ್ಲ" ಅನ್ನೋರಿಗೆ

2021ರ ಜುಲೈನಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ಗಾಡಿಗಳ ಭಾಗ ಸೇರಿತು. ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ, ಇಂಜಿನ್ ಬದಲಾಯಿಸಿರಬಾರದು. ಸವೆಯೋ ಸಾಮಾನು ಬದಲಿಸೋದು ಇದರಲ್ಲಿ ಬರಲ್ಲ ಅನ್ನೋದು ನನ್ನ ಓದು. ಅದಕ್ಕಿಂತ ಮುಖ್ಯ ಅಂದ್ರೆ, ಆ ನಿಯಮ ಇರೋದು ಬೈಕು ಮತ್ತು ಪ್ಯಾಸೆಂಜರ್ ಗಾಡಿಗೆ. ಗೂಡ್ಸ್ ಅಂತ ರಿಜಿಸ್ಟರ್ ಆದ ಪಿಕಪ್ ಅದರಲ್ಲಿ ಬರಲ್ಲ. ವಿಂಟೇಜ್ ನಂಬರ್ ಸಿಕ್ಕಿದ್ರೂ ದಿನನಿತ್ಯ ರಸ್ತೆಯಲ್ಲಿ ಓಡಿಸೋ ಹಾಗಿಲ್ಲ. ಗೊಬ್ಬರ ಹೊರೋ ಗಾಡಿಗೆ ಪ್ರದರ್ಶನದ ಮಡಿ ಯಾಕೆ?

ಈ ವಾರ ಇಷ್ಟು ಮಾಡಿ

ಇಂಜಿನ್ ಪೂರ್ತಿ ತಣ್ಣಗಾಗಲಿ, ಬ್ಯಾಟರಿ ವೈರ್ ಬಿಚ್ಚಿ. ಬೀಡಿ, ಸಿಗರೇಟು ದೂರ ಇರಲಿ.

1. ಮೊದಲು ಟ್ಯಾಂಕ್ ಇಳಿಸಿ ತೊಳೆಸಿ. ತುಕ್ಕು ಟ್ಯಾಂಕಿನಲ್ಲಿದ್ರೆ ಎಷ್ಟು ಫಿಲ್ಟರ್ ಹಾಕಿದ್ರೂ ಕಟ್ಟುತ್ತೆ.
2. ಬಟ್ಟಲಿನ ಕಾರ್ಕ್ ತೆಗೆದು ವೈಟಾನ್ ವಾಷರ್ ಹಾಕಿ. ಪಂಪಿಗೆ ಎಥೆನಾಲ್ ತಾಳೋ ಡಯಾಫ್ರಂ ಕಿಟ್ ಕೇಳಿ.
3. ರಬ್ಬರ್ ಪೈಪಿನ ಮೇಲೆ "ಎಸ್‌ಎಇ ಜೆ30 ಆರ್9" ಅಂತ ಮುದ್ರೆ ಇದೆಯಾ ನೋಡಿ ತಗೊಳ್ಳಿ.
4. ಹೊಸ ಫಿಲ್ಟರಿನ ಬಾಣದ ಗುರುತು ಇಂಜಿನ್ ಕಡೆಗಿರಲಿ.
5. ಎಥೆನಾಲ್ ಹಳೇ ಜಿಡ್ಡು ಎಬ್ಬಿಸುತ್ತೆ. ಮೊದಲ ಎರಡು-ಮೂರು ಟ್ಯಾಂಕ್ ಮುಗಿಯೋವರೆಗೂ ವಾರಕ್ಕೊಮ್ಮೆ ಬಟ್ಟಲು ನೋಡಿ.
6. ಡೀಸೆಲ್ ಗಾಡಿಯಲ್ಲಿ ಎಲಿಮೆಂಟ್ ಹಾಕಿದ ಮೇಲೆ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲೋವರೆಗೂ ಕೈಪಂಪ್ ಒತ್ತಿ ಏರ್ ತೆಗೀರಿ.
7. ಒಂದು ಬಟ್ಟಲು, ಒಂದು ವಾಷರ್ ಯಾವಾಗಲೂ ಗಾಡಿಯಲ್ಲಿ ಸ್ಪೇರ್ ಇರಲಿ. ಗಾಜು ಒಡೆದ್ರೆ ಗಾಡಿ ಅಲ್ಲೇ ನಿಲ್ಲುತ್ತೆ.

ಗಾಡಿಯ ಹಳೇತನ ಅದರ ಚಾಸಿಸ್‌ನಲ್ಲಿ, ಇಂಜಿನ್ನಿನಲ್ಲಿ, ಆ ಗಾಜಿನ ಬಟ್ಟಲಿನಲ್ಲಿದೆ. ಮೂವತ್ತು ವರ್ಷ ಒಣಗಿದ ಕಾರ್ಕಿನಲ್ಲಿ ಇಲ್ಲ. ಅಜ್ಜ ಬದುಕಿದ್ದಿದ್ರೆ ಅವರೂ ಅದನ್ನ ಯಾವತ್ತೋ ಬದಲಾಯಿಸಿ ಕೆಲಸಕ್ಕೆ ಹೋಗಿರ್ತಿದ್ರು.